ಗೇಟಿನ ಕಡೆಗೆ ಮುಖ

ಅವರು ಬಂದ ಮೊದಲ ದಿನವೇ ನಾನು ಅವರ ಊಟದ ತಟ್ಟೆಗಳನ್ನು ಸುತ್ತಿಗೆಯಿಂದ ಒಡೆದು ಹಾಕಿದೆ.

ಬೇಕಂತ ಅಲ್ಲ. ನಮ್ಮ ಒಡಕಂಗಡಿಯ ರೂಢಿಯೇ ಹಾಗೆ. ಬಾಗಿಲ ಬಲಗಡೆ, ಮೆಟ್ಟಿಲ ಪಕ್ಕ ಯಾರು ಏನು ತಂದಿಟ್ಟರೂ ಅದು ಒಡೆಯುವುದಕ್ಕೇ ಅಂತ ಲೆಕ್ಕ. ಹಿಡಿ ಮುರಿದ ಕಪ್ಪು, ಬಿರುಕು ಬಿಟ್ಟ ಬಸಿ, ಬಚ್ಚಲಿಂದ ಕಿತ್ತ ಟೈಲ್ಸು. ಕಾಲೋನಿಯ ನೂರಾ ನಲವತ್ತು ಮನೆಗಳಲ್ಲಿ ಕೈಜಾರಿ ಬಿದ್ದದ್ದೆಲ್ಲ ಅಲ್ಲಿಗೆ ಬರುತ್ತದೆ. ನಾನು ಗೋಣಿಚೀಲದಲ್ಲಿ ಸುತ್ತಿ ಒಂದೇಟು ಹಾಕುತ್ತೇನೆ. ಆ ಚೂರುಗಳಿಂದ ಹನ್ನೊಂದು ಹೆಂಗಸರು ಮೇಜು, ಕನ್ನಡಿಯ ಚೌಕಟ್ಟು, ಮನೆ ನಂಬರಿನ ಫಲಕ ಮಾಡಿ ಮಾರುತ್ತಾರೆ. ಹಿಂದೆ ಇದು ಇಡೀ ಕಾಲೋನಿ ಬಟ್ಟೆ ಒಗೆಯುತ್ತಿದ್ದ ಕೋಣೆ. ನಲ್ಲಿ ಒಣಗಿ ಪಾಳು ಬಿದ್ದಿದ್ದನ್ನು ನನ್ನ ದೊಡ್ಡಮ್ಮ ಬೀಗ ತೆಗೆಸಿ, ಗುಡಿಸಿ, ಅಂಗಡಿ ಮಾಡಿದರು.

ಆ ಬೆಳಿಗ್ಗೆ ಅಲ್ಲೊಂದು ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ನೀಲಿ ಅಂಚಿನ ಆರು ತಟ್ಟೆ. ಒಂದಕ್ಕೂ ಗೀರಿಲ್ಲ. ಯಾರೋ ಪುಣ್ಯಾತ್ಮರು ಅಂದುಕೊಂಡೆ. ನಾಲ್ಕನೆಯದಕ್ಕೆ ಏಟು ಬೀಳುವ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಉದ್ದನೆಯ ಆಳು, ಮಡಚಿದ ತೋಳು, ಕಿವಿಯ ಮೇಲೆ ಪೆನ್ಸಿಲ್.

"ರೀ, ಅದು ನನ್ನ ತಟ್ಟೆ."

ನಾನು ಎತ್ತಿದ್ದ ಸುತ್ತಿಗೆ ಇಳಿಸಿದೆ.

"ಹೊಸ ರೂಮಿಗೆ ಅಂತ ಅಮ್ಮ ಕೊಟ್ಟು ಕಳಿಸಿದ್ದು. ವಿಳಾಸ ಕೇಳೋಕೆ ಅಂತ ಎರಡು ನಿಮಿಷ ಇಟ್ಟು ಹೋದೆ."

ಏನು ಮಾಡಬೇಕೋ ತೋಚದೆ ಸುತ್ತಿಗೆಯನ್ನು ಅವರ ಕಡೆ ಚಾಚಿದೆ. ಅವರು ಸುತ್ತಿಗೆ ನೋಡಿದರು, ನನ್ನ ಮುಖ ನೋಡಿದರು.

"ಯಾಕೆ, ಉಳಿದೆರಡು ನಾನೇ ಒಡೀಬೇಕಾ?"

ಒಳಗಿನಿಂದ ದೊಡ್ಡಮ್ಮ ಗೊಳ್ಳೆಂದು ನಕ್ಕರು. "ಚಿತ್ರದ ಮೇಷ್ಟ್ರಾ? ಬನ್ನಿ ಬನ್ನಿ. ಅವಳು ನಮ್ಮ ಡಿಗ್ರಿ. ಕಾಲೋನಿಗೆಲ್ಲ ಓದಿದವಳು ಅವಳೊಬ್ಬಳೇ. ಬಾಯಿ ಸುಮ್ಮನಿರುತ್ತೆ, ಕೈ ಸುಮ್ಮನಿರಲ್ಲ."

ಮೇಷ್ಟ್ರು ಕೂತು ಚೂರುಗಳನ್ನು ಆರಿಸಿದರು. ಒಂದನ್ನು ಬೆಳಕಿಗೆ ಹಿಡಿದು, "ಒಡೆದಿದ್ದು ಮಾತ್ರ ಅಚ್ಚುಕಟ್ಟಾಗಿದೆ" ಅಂದರು. ಕಣ್ಣು ಚೂರಿನ ಮೇಲಿತ್ತು, ನಗು ನನ್ನ ಕಡೆಗಿತ್ತು.

ಅವರು ಬಂದಿದ್ದು ವಸತಿ ಇಲಾಖೆಯ ಕೆಲಸಕ್ಕೆ. ಇಲಾಖೆ ನಮ್ಮ ಕಾಲೋನಿಯನ್ನು ಖಾಲಿ ಮಾಡಿಸಿ, ಎರಡು ಬಸ್ಸು ಬದಲಿಸಿದರೂ ಮುಟ್ಟದಷ್ಟು ದೂರದ ಹೊಸ ಕಟ್ಟಡಗಳಿಗೆ ನಮ್ಮನ್ನು ಸಾಗಿಸುವುದು ಅಂತ ತೀರ್ಮಾನಿಸಿತ್ತು. ಅದಕ್ಕೆ ಮೊದಲು ಗೇಟಿನ ಪಕ್ಕದ ಉದ್ದ ಗೋಡೆಯ ಮೇಲೆ, ಮುಖ್ಯ ರಸ್ತೆಗೆ ಕಾಣುವಂತೆ, ಚೂರುಗಳ ಒಂದು ದೊಡ್ಡ ಚಿತ್ರ ಬೇಕಂತೆ. ಚಿತ್ರ ಬರೆಯುವವರು ಅವರು, ಅಂಟಿಸುವವರು ನಾವು. ಆಫೀಸು ಒಪ್ಪಿದ ಹಾಗೇ ಬರಬೇಕು. ಬರದಿದ್ದರೆ, ಕೋಣೆ ಇಲಾಖೆಯದೇ ಆದ್ದರಿಂದ, ಒಡಕಂಗಡಿಯ ಕೀಲಿ ವಾಪಸ್. ಉದ್ಘಾಟನೆಯ ದಿನ ಅದೇ ಗೋಡೆಯ ಮುಂದೆ ಮನೆಮನೆಯವರೂ ಒಪ್ಪಿಗೆ ಫಾರಂಗೆ ಸಹಿ ಹಾಕಬೇಕು.

ಮೇಷ್ಟ್ರು ಪೂರ್ತಿ ಅಳತೆಯ ಚಿತ್ರ ಬಿಡಿಸಿ ಅಂಗಡಿಯ ಒಳಗೋಡೆಗೆ ಚುಚ್ಚಿದರು. ಎಡಬದಿಗೆ ನಮ್ಮ ನಿಜವಾದ ಗೇಟೇ ಬರುತ್ತದೆ. ಅಲ್ಲಿಂದ ಗಂಟುಮೂಟೆ ಹೊತ್ತ ಜನ ಬಲಕ್ಕೆ ಹೊರಟಿದ್ದಾರೆ. ಬಲತುದಿಯಲ್ಲಿ ಎತ್ತರದ ಹೊಸ ಮನೆಗಳು, ಮೇಲೆ ಸೂರ್ಯ. ಎಲ್ಲರ ಬಾಯಲ್ಲೂ ನಗು.

ಬಹಳ ಹೊತ್ತು ನೋಡಿದೆ. ಅವರ ಜೊತೆ ನಾನು ಆಡಿದ ಮೊದಲ ಮಾತು ಅದೇ.

"ಇವರು ಯಾಕೆ ನಗ್ತಿದ್ದಾರೆ?"

ಅವರ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. "ಆಫೀಸಿನವರು ನಗಿಸಿ ಅಂದ್ರು."

"ನೀವು ನಗಿಸಿದ್ರಿ."

"ಮೂರು ಚಿತ್ರ ವಾಪಸ್ ಬಂತು. ಇದು ನಾಲ್ಕನೇದು." ಕತ್ತು ತಗ್ಗಿಸಿದರು. "ಗೊತ್ತು. ಚೆನ್ನಾಗಿಲ್ಲ."

ಚೆನ್ನಾಗಿಲ್ಲ ಅಂತ ಒಪ್ಪಿಕೊಳ್ಳುವ ಗಂಡಸನ್ನು ನಾನು ಅಷ್ಟರವರೆಗೆ ನೋಡಿರಲಿಲ್ಲ. ಕೋಪವನ್ನು ಎಲ್ಲಿಡುವುದು ಅಂತಲೇ ತಿಳಿಯಲಿಲ್ಲ.

ಆಮೇಲೆ ಅವರಿಗೊಂದು ಆಟ ಸಿಕ್ಕಿತು. ನನ್ನ ಮಾತು ಎಣಿಸುವುದು. "ನಿನ್ನೆ ಒಂಬತ್ತು ಮಾತಾಡಿದ್ರಿ. ಇವತ್ತು ಮಧ್ಯಾಹ್ನ ಆಯ್ತು, ಇನ್ನೂ ಎರಡೇ." ನಾನು ಮೂರನೆಯದಾಗಿ "ಸುಮ್ನಿರಿ" ಅನ್ನುತ್ತಿದ್ದೆ. ಅವರು ಬೆರಳು ಮಡಚುತ್ತಿದ್ದರು. ಗೋಂದು ಕಲಸುವಾಗ ಅವರ ಮುಂಗೈಗೆ ಹಿಟ್ಟು ಮೆತ್ತುತ್ತಿತ್ತು. ಒಣಗಿದ ಮೇಲೆ ಚಕ್ಕೆ ಚಕ್ಕೆಯಾಗಿ ಕೀಳುತ್ತ ಕಿಟಕಿಯ ಕಡೆ ನೋಡುವರು. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕಿಟಕಿಯ ಕೆಳಗೆ ನಾನಿದ್ದೆ.

"ಡಿಗ್ರಿ, ನಿನ್ನ ಕೆನ್ನೆಗೇನು ಗೋಂದು ಹತ್ತಿದೆಯಾ? ಕೆಂಪಗಾಗಿದೆ," ಅನ್ನುವರು ದೊಡ್ಡಮ್ಮ. ಉಳಿದ ಹತ್ತು ಬಾಯಿ ಒಟ್ಟಿಗೆ ಕೆಮ್ಮುವುದು.

ಆ ವಾರವೇ ಕಾಲೋನಿಯ ಸಭೆ ಆಯಿತು. ಆಫೀಸರ್ ಮೈಕಿನಲ್ಲಿ ಎಲ್ಲ ಓದಿ ಮುಗಿಸಿ, "ಯಾರಿಗಾದರೂ ತಕರಾರಿದೆಯಾ?" ಅಂದರು. ನಾನು ಎದ್ದು ನಿಂತೆ. ರಾತ್ರಿಯೇ ಡೈರಿಯಲ್ಲಿ ಬರೆದುಕೊಂಡಿದ್ದೆ, ಬಾಯಿಪಾಠ ಮಾಡಿದ್ದೆ. ಹೊಸ ಮನೆ ಬೇಡ ಅಂತಲ್ಲ, ಅದನ್ನು ಇಲ್ಲೇ ಕಟ್ಟಿ, ಒಂದು ಸಲಕ್ಕೆ ಎರಡೇ ಬ್ಲಾಕ್ ಖಾಲಿ ಮಾಡಿಸಿ ಕಟ್ಟುತ್ತ ಹೋಗಬಹುದು, ಜಾಗವಿದೆ ಅಂತ. ಎಲ್ಲರೂ ತಿರುಗಿದರು.

"ಏನಮ್ಮ?"

ಒಂದು, ಎರಡು, ಮೂರು. ಗೋಡೆಗಡಿಯಾರದ ಮುಳ್ಳು ಮಾತ್ರ ಮಾತಾಡಿತು.

"ಕೂತ್ಕೊಳಮ್ಮ. ಬರ್ಕೊಳ್ಳಿ, ಯಾರಿಗೂ ತಕರಾರಿಲ್ಲ."

ಪಕ್ಕದಲ್ಲಿದ್ದ ಗುಮಾಸ್ತರು ಬರೆದುಕೊಂಡರು. ಅವರು ಬರೆಯುವುದನ್ನು ನಿಂತೇ ನೋಡಿದೆ.

ಮನೆಗೆ ಬರುವಾಗ ದೊಡ್ಡಮ್ಮ ಹೆಗಲ ಮೇಲೆ ಕೈ ಹಾಕಿದರು. "ಬಿಡೇ. ಹನ್ನೊಂದು ಜನದ ಕೆಲಸ ಇದೆ. ಕೋಣೆ ಹೋದ್ರೆ ಎಲ್ಲರೂ ಮತ್ತೆ ಮನೆಯೊಳಗೆ ಗೋಡೆ ನೋಡ್ತಾ ಕೂರಬೇಕು. ಕೆಲಸ ಕೆಲಸ. ಹೇಳಿದ್ದು ಅಂಟಿಸೋಣ."

ನಾನು ಮಾತಾಡಲಿಲ್ಲ ಅಂದರೆ ಒಪ್ಪಿದೆ ಅಂತ ಯಾರು ಹೇಳಿದ್ದು?

ನಮ್ಮ ಕೆಲಸದ ಬಗೆ ಸ್ವಲ್ಪ ಹೇಳಬೇಕು. ಚೂರುಗಳನ್ನು ನಾವು ನೇರವಾಗಿ ಗೋಡೆಗೆ ಹಚ್ಚುವುದಿಲ್ಲ. ಮೊದಲು ಹಾಳೆಯ ಮೇಲೆ ಚಿತ್ರದ ಗೆರೆ ಎಳೆದು, ಗೋಂದು ಸವರಿ, ಚೂರುಗಳನ್ನು ಬಣ್ಣದ ಮುಖ ಕೆಳಗೆ ಮಾಡಿ ಅಂಟಿಸುತ್ತೇವೆ. ಆಮೇಲೆ ಇಡೀ ಹಾಳೆಯನ್ನು ಎತ್ತಿ ಹಸಿ ಸಿಮೆಂಟಿಗೆ ಒತ್ತಿ, ಹಾಳೆಯನ್ನು ನೆನೆಸಿ ಸುಲಿಯುತ್ತೇವೆ. ಆಗಲೇ ಬಣ್ಣ ಕಾಣುವುದು. ಹೀಗಾಗಿ ಹಾಳೆಯ ಮೇಲಿನ ಗೆರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರಬೇಕು. ಅದಕ್ಕೆ ಮೂಲಚಿತ್ರವನ್ನು ಬೋರಲು ಹಾಕಿ ಕಿಟಕಿಯ ಗಾಜಿಗೆ ಹಿಡಿದು, ಹಿಂದಿನಿಂದ ಟ್ರೇಸ್ ಮಾಡಬೇಕು. ಆ ಕೆಲಸ ಯಾವಾಗಲೂ ನನ್ನದು. ನನ್ನ ಗೆರೆ ಅಲುಗುವುದಿಲ್ಲ.

ಮೇಷ್ಟ್ರು ಗಾರೆಯವರ ಜೊತೆ ಗೋಡೆ ಕೆರೆಸಲು ಹೋದ ಮಧ್ಯಾಹ್ನ, ನಾನು ಚಿತ್ರವನ್ನು ಕಿಟಕಿಗೆ ಹಚ್ಚಿದೆ.

ಬೋರಲು ಹಾಕಬೇಕಿತ್ತು. ಹಾಕಲಿಲ್ಲ.

ಅಷ್ಟೇ. ಒಂದು ಗೆರೆಯನ್ನೂ ಬದಲಿಸಲಿಲ್ಲ. ಚಿತ್ರ ಇದ್ದ ಹಾಗೇ, ತುಂಡು ತುಂಡಾಗಿ, ಮೂವತ್ತಾರು ಹಾಳೆಗೆ ಇಳಿಸಿದೆ. ಗೋಡೆಗೆ ಹೋದಾಗ ಅದು ತಾನಾಗಿ ತಿರುಗುತ್ತದೆ: ಹೊಸ ಮನೆಗಳೂ ಸೂರ್ಯನೂ ನಮ್ಮ ಗೇಟಿನ ಪಕ್ಕಕ್ಕೆ ಬರುತ್ತವೆ, ಜನ ಗಂಟು ಹೊತ್ತು ಒಳಗೆ ಬರುತ್ತಾರೆ. ಹಾಳೆಗೆ ನಂಬರು ಹಾಕುವಾಗಲೂ ಅದೇ ಲೆಕ್ಕದಲ್ಲಿ ಹಾಕಿದೆ.

ಹೆಂಗಸರಿಗೆ ತಲಾ ಮೂರು ಹಾಳೆ ಹಂಚಿ, ಉಳಿದ ಮೂರು ನಾನಿಟ್ಟುಕೊಂಡೆ. ಒಬ್ಬರಿಗೆ ಅರ್ಧ ಪಾದ, ಇನ್ನೊಬ್ಬರಿಗೆ ಗಂಟಿನ ತುದಿ. ಬಿಡಿಬಿಡಿಯಾಗಿ ಯಾರಿಗೂ ಗೊತ್ತಾಗದು ಅಂದುಕೊಂಡೆ. ದೊಡ್ಡಮ್ಮ ತಮ್ಮ ಹಾಳೆಯನ್ನು ಒಮ್ಮೆ ನೋಡಿ, ಗೋಡೆಗೆ ಚುಚ್ಚಿದ್ದ ಚಿತ್ರವನ್ನು ಒಮ್ಮೆ ನೋಡಿ, "ಗೋಂದು ಯಾಕೆ ಇಷ್ಟು ತೆಳ್ಳಗಿದೆ?" ಅಂತ ಬೈದು ಕೂತರು. ಮೂರು ವಾರ ಮೇಷ್ಟ್ರು ಗೋಡೆಯ ಹತ್ತಿರ ಗಾರೆ ಕೆಲಸದಲ್ಲೇ ಇದ್ದರು; ಅಂಗಡಿಯಲ್ಲಿ ಚೂರು ಕತ್ತರಿಸುವ ಇಕ್ಕಳದ ಕಟಕಟ ಸದ್ದು ಬಿಟ್ಟರೆ ಬೇರೆ ಸುದ್ದಿಯಿಲ್ಲ.

ಮೊದಲ ಹಾಳೆ ಸುಲಿದ ದಿನ ಅಟ್ಟಣೆಯ ಮೇಲೆ ನಾವಿಬ್ಬರೇ ಇದ್ದೆವು. ಹೆಂಗಸರು ಊಟಕ್ಕೆ ಹೋಗಿದ್ದರು. ಸುತ್ತ ಹಸಿರು ಪರದೆ. ಅವರ ಮುಖಕ್ಕೆ ಎಲೆಯ ಬಣ್ಣ ಬಂದಿತ್ತು. ನಾನು ಸ್ಪಂಜಿನಿಂದ ಒದ್ದೆ ಮಾಡಿದೆ, ಅವರು ಮೂಲೆ ಹಿಡಿದು ಮೆಲ್ಲಗೆ ಎಳೆದರು. ಒಂದು ಪಾದ ಕಾಣಿಸಿತು. ಬಿಳಿ ಚಹಾ ಕಪ್ಪಿನ ಚೂರಿನ ಉಗುರು, ಕಂದು ಟೈಲಿನ ಹಿಮ್ಮಡಿ.

ಬೆರಳು ಗೇಟಿನ ಕಡೆಗಿತ್ತು.

ಅವರು ನೋಡಿದರು. ಮುಂದಿನ ಹಾಳೆಯ ನಂಬರು ನೋಡಿದರು. ತುದಿಯಿಂದ ತುದಿಗೆ ಗೋಡೆಯ ಮೇಲೆ ಕಣ್ಣು ಹಾಯಿಸಿದರು. ಒದ್ದೆ ಕಾಗದ ಅವರ ಕೈಯಿಂದ ತೊಟ್ಟಿಕ್ಕುತ್ತಿತ್ತು.

"ತಪ್ಪಾಯ್ತಾ?" ಅಂತ ಕೇಳಿದರು. ಬಯ್ಯುವ ದನಿಯಲ್ಲ. ಬಾಗಿಲು ತೆರೆದು ಹಿಡಿದವರ ದನಿ.

ಹೇಳಬಹುದಿತ್ತು. ಅವರಿಗಲ್ಲದೆ ಇನ್ನಾರಿಗೆ ಹೇಳುವುದು? ಆದರೆ ಬಾಯಿ ಅದೇ ಹಳೆಯ ಬಾಯಿ. ಹೌದು ಅಂತ ತಲೆ ಆಡಿಸಿದೆ.

"ಸರಿ," ಅಂದರು ಒದ್ದೆ ಕಾಗದವನ್ನು ಕೆಳಗೆ ಹಾಕುತ್ತ. "ಒಂದು ಹಾಳೆ ಕೂತಾಯ್ತು. ಉಳಿದಿದ್ದೂ ಹೀಗೇ ಕೂರಲಿ. ಯಾರಾದ್ರೂ ಕೇಳಿದ್ರೆ ತಪ್ಪು ನಂದು. ಚೆಕ್ ಮಾಡ್ಬೇಕಾಗಿದ್ದು ನಾನು."

"ನೀವು ಯಾಕೆ..."

"ಎರಡು ಮಾತು," ಅಂತ ಬೆರಳು ಮಡಚಿದರು. ಆದರೆ ನಗಲಿಲ್ಲ. ಮುಂದಿನ ಮೂಲೆ ಹಿಡಿದು, "ನೀರು ಹಾಕಿ" ಅಂದರು.

ಆ ದಿನದಿಂದ ಉದ್ಘಾಟನೆಯವರೆಗೆ ಅವರು ನನ್ನ ಮಾತು ಎಣಿಸಲಿಲ್ಲ. ಪಕ್ಕಪಕ್ಕದಲ್ಲೇ ನಿಂತು ಮೂವತ್ತೈದು ಹಾಳೆ ಸುಲಿದೆವು. ನಮ್ಮ ಮೊಣಕೈ ಆಗಾಗ ತಾಗುತ್ತಿತ್ತು, ತಾಗಿದಲ್ಲಿ ಒಂದು ಗಳಿಗೆ ಹಾಗೇ ಇರುತ್ತಿತ್ತು. ಆಮೇಲೆ ಇಬ್ಬರಲ್ಲೊಬ್ಬರು ಸ್ಪಂಜು ಹುಡುಕುತ್ತಿದ್ದೆವು. ನಾನು ತಲೆಯಾಡಿಸಿ ಹೇಳಿದ ಸುಳ್ಳು ಮಧ್ಯದಲ್ಲಿ ಮೂರನೆಯವರ ಹಾಗೆ ನಿಂತಿತ್ತು.

ಉದ್ಘಾಟನೆಯ ಬೆಳಿಗ್ಗೆ ರಸ್ತೆಬದಿಯಲ್ಲಿ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಒಪ್ಪಿಗೆ ಫಾರಂಗಳ ಕಟ್ಟು, ಹಾರದಂತೆ ಮೇಲೊಂದು ಕಲ್ಲು. ಆಫೀಸರ್ ಹಗ್ಗ ಎಳೆದರು. ಹಸಿರು ಪರದೆ ಜಾರಿತು.

ಬಿಸಿಲಿಗೆ ಚೂರುಗಳು ಒಮ್ಮೆಲೇ ಹೊಳೆದವು. ನೂರಾ ನಲವತ್ತು ಮನೆಯ ಕಪ್ಪು, ಬಸಿ, ತಟ್ಟೆಗಳೆಲ್ಲ ಸೇರಿ ಒಂದು ಮೆರವಣಿಗೆಯಾಗಿ, ನಗುತ್ತ, ಗಂಟು ಹೊತ್ತು, ನಮ್ಮ ಗೇಟಿನತ್ತ ಬರುತ್ತಿದ್ದವು. ಹೊಸ ಮನೆಗಳು ನಮ್ಮ ಕಾಂಪೌಂಡಿಗೇ ಅಂಟಿಕೊಂಡು ಎದ್ದಿದ್ದವು. ಫೋಟೋದವರು ಚಕಚಕ ಕ್ಲಿಕ್ಕಿಸಿದರು. ಚಪ್ಪಾಳೆ ಶುರುವಾಗಿ, ಆಫೀಸರ್ ಮುಖ ನೋಡಿ ನಿಂತಿತು.

"ಇದೇನ್ರೀ ಇದು? ಇವರೆಲ್ಲ ಹೋಗ್ತಾ ಇರಬೇಕಿತ್ತಲ್ಲ?"

ಮೇಷ್ಟ್ರು ಮುಂದೆ ಬಂದರು. "ನನ್ನ ತಪ್ಪು ಸಾರ್. ಟ್ರೇಸಿಂಗ್ ಉಲ್ಟಾ ಆಯ್ತು. ನೋಡ್ಕೊಳ್ಳಲಿಲ್ಲ."

"ತಪ್ಪಾ? ಇಷ್ಟು ದೊಡ್ಡ ತಪ್ಪಾ? ನಾಳೆಯಿಂದ ನೀವು ಬರೋದು ಬೇಡ. ಇಲಾಖೆಯ ಯಾವ ಕೆಲಸಕ್ಕೂ ಬೇಡ. ತಪ್ಪಾಗಿದೆ ಅಂತ ಬರೆದುಕೊಡಿ, ಇದನ್ನ ಒಡೆಸಿ ಸರಿಯಾಗಿ ಮಾಡಿಸ್ತೀವಿ."

ಪೆನ್ನು ಕೊಟ್ಟರು. ಮೇಷ್ಟ್ರು ಪೆನ್ನು ತೆಗೆದುಕೊಂಡರು. ತಪ್ಪು ಅಂತ ಒಂದು ಸಲ ಕಾಗದಕ್ಕಿಳಿದರೆ ಗೋಡೆಯೂ ತಪ್ಪು, ನಾವೂ ತಪ್ಪು.

"ತಪ್ಪಲ್ಲ."

ಯಾರ ದನಿ ಅಂತ ನನಗೂ ತಿರುಗಿ ನೋಡಬೇಕೆನಿಸಿತು. ನನ್ನದೇ.

"ಯಾರದು?"

"ನಾನು. ಹಾಳೆ ತಿರುಗಿಸದೆ ಎಳೆದವಳು ನಾನು. ಬೇಕಂತ್ಲೇ ಎಳೆದೆ." ಕುರ್ಚಿಗಳ ಸಾಲು ದಾಟಿ ಮುಂದೆ ಬಂದೆ. "ಅವತ್ತು ಸಭೆಯಲ್ಲಿ ತಕರಾರಿಲ್ಲ ಅಂತ ಬರ್ಕೊಂಡ್ರಲ್ಲ, ನಂಗೆ ತಕರಾರಿತ್ತು. ಮಾತು ಬರಲಿಲ್ಲ, ಅದಕ್ಕೆ ಗೋಡೆ ಮೇಲೆ ಹಾಕ್ದೆ. ಆ ಮನೆಗಳು ನಮಗೆ ಬೇಕು ಸಾರ್. ಇಲ್ಲಿ ಬೇಕು. ಚಿತ್ರದಲ್ಲಿ ಎಲ್ಲಿದೆಯೋ ಅಲ್ಲೇ ಕಟ್ಟಿ."

"ಒಬ್ಬ ಹುಡುಗಿಯ ತಲೆಹರಟೆಗೆ..."

"ಒಬ್ಬಳೇ ಅಂತ ಯಾರಂದ್ರು?" ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. "ವರ್ಷದಿಂದ ಉಲ್ಟಾ ಅಂಟಿಸ್ತಿದೀವಿ ಸಾರ್. ಗೋಡೆ ಮೇಲಿನ ಚಿತ್ರ, ಮೇಜಿನ ಮೇಲಿನ ಹಾಳೆ, ಎರಡೂ ಒಂದೇ ಕಡೆ ಮುಖ ಮಾಡಿದ್ರೆ ನಮಗೆ ಗೊತ್ತಾಗಲ್ವಾ? ಮೊದಲ ದಿನವೇ ಗೊತ್ತಾಯ್ತು. ಗೊತ್ತಾಗಿಯೇ ಅಂಟಿಸಿದ್ವಿ."

"ನಂಗೂ ಗೊತ್ತಿತ್ತು," ಅಂದರು ಹಿಂದಿನ ಸಾಲಿನಿಂದ ನಮ್ಮಂಗಡಿಯ ಟೈಲರಮ್ಮ.

"ನಂಗೂ," ಅಂದರು ಅವರ ನಾದಿನಿ. "ಹೇಳಿದ್ರೆ ಪಾಪ ಹುಡುಗಿ ಹೆದರ್ಕೊಂಡು ಅಳಿಸಿಬಿಡ್ತಾಳೆ ಅಂತ ಸುಮ್ನಿದ್ವಿ."

ಮೂರು ವಾರ ನಾನೊಬ್ಬಳೇ ಗುಟ್ಟು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಹನ್ನೊಂದು ಜನ ನನ್ನನ್ನು ಕಾಯುತ್ತಿದ್ದರು.

ಆಫೀಸರ್ ಕೈ ಚಾಚಿದರು. "ಹಾಗಾದ್ರೆ ಕೋಣೆ ಕೀಲಿ ಕೊಡಿ. ಸಂಜೆಯೊಳಗೆ ಖಾಲಿ ಆಗಬೇಕು."

ದೊಡ್ಡಮ್ಮನ ಮುಖ ಒಂದು ಕ್ಷಣ ಬಾಡಿತು, ನಾನು ಕಂಡೆ. ಆ ಕೋಣೆಯ ಧೂಳು ಹೊಡೆದದ್ದು ಅದೇ ಕೈ. ಸೊಂಟದಿಂದ ಕೀಲಿ ಬಿಚ್ಚಿ ಅವರ ಅಂಗೈಯಲ್ಲಿಟ್ಟರು. "ತಗೊಳ್ಳಿ. ಕೋಣೆ ನಿಮ್ದು. ಕೆಲಸ ನಮ್ದು."

"ನಾಳೆ ಜನ ಕಳಿಸಿ ಈ ಗೋಡೆ ಒಡೆಸ್ತೀನಿ, ನೋಡ್ತಿರಿ."

"ಒಡೆಸಿ ಸಾರ್," ಅಂದರು ಟೈಲರಮ್ಮ ತಣ್ಣಗೆ. "ಚೂರು ಮಾತ್ರ ನಮಗೇ ಕೊಡಿ. ಒಡೆದಿದ್ದರಿಂದ ಮತ್ತೆ ಮಾಡೋದೇ ನಮ್ಮ ಕಸುಬು."

ಕಾಲೋನಿ ಪೂರ್ತಿ ನಕ್ಕಿತು. ಫಾರಂಗಳ ಕಟ್ಟಿನ ಮೇಲಿನ ಕಲ್ಲನ್ನು ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಫೀಸರೇ ಕಟ್ಟನ್ನು ಹೊತ್ತುಕೊಂಡು ಕಾರು ಹತ್ತಿದರು.

ಸಂಜೆಯವರೆಗೆ ಅಂಗಡಿ ಖಾಲಿ ಮಾಡಿದೆವು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಇಕ್ಕಳ, ಡಬ್ಬ, ಗೋಣಿಚೀಲ ಒಂದೊಂದಾಗಿ ಗೋಡೆಯ ಮುಂದಿನ ಕಟ್ಟೆಗೆ ಹೋದವು. ಕೊನೆಗೆ ಉಳಿದದ್ದು ದೊಡ್ಡ ಮೇಜು. ಒಂದು ತುದಿ ಮೇಷ್ಟ್ರು ಹಿಡಿದರು. ಇನ್ನೊಂದು ತುದಿಗೆ ಬೇರೆ ಯಾರೂ ಬರಲಿಲ್ಲ. ಎಲ್ಲರಿಗೂ ಒಟ್ಟಿಗೆ ಬೇರೇನೋ ಕೆಲಸ ನೆನಪಾಗಿತ್ತು.

ಎತ್ತಿದೆವು. ಅವರು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಅವರಿಗೆ ದಾರಿ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

"ಎಡಕ್ಕೆ," ಅಂದೆ. ಅವರು ಎಡಕ್ಕೆ ಬಂದರು.

"ಯಾಕೆ ಸುಳ್ಳು ಹೇಳಿದ್ರಿ, ನಿಮ್ಮ ತಪ್ಪು ಅಂತ?"

"ನೀವು ತಲೆ ಆಡಿಸಿದ್ರಲ್ಲ."

"ಅದು ಸುಳ್ಳು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಮೂವತ್ತಾರು ಹಾಳೆಯಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ತಪ್ಪು ಮಾಡುವವರು ಅಷ್ಟು ಗಟ್ಟಿಯಾಗಿ ಗೆರೆ ಎಳೆಯಲ್ಲ." ಏದುಸಿರು ಬಿಟ್ಟರು. "ನಿಮ್ಮ ಬಾಯಿಂದಲೇ ಬರಲಿ ಅಂತ ಕಾದೆ. ಬರದಿದ್ರೆ ನಾನು ಹೊತ್ಕೊಂಡು ಹೋಗೋಣ ಅಂತಿದ್ದೆ."

"ಎಲ್ಲಿಗೆ ಹೋಗ್ತಿದ್ರಿ?"

"ಗೊತ್ತಿಲ್ಲ. ಈಗ ಹೋಗೋಕೆ ಜಾಗವೂ ಇಲ್ಲ. ಕೆಲಸವೂ ಇಲ್ಲ."

ಗೇಟು ದಾಟಿದೆವು. ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕೂತು, ಇಕ್ಕಳ ಆಡಿಸುತ್ತ, ಏನೂ ನೋಡದವರಂತೆ ನೋಡುತ್ತಿದ್ದರು.

"ಇನ್ನೊಂದು ಹೇಳೋದಿದೆ," ಅಂದೆ.

"ಟೇಬಲ್ ಇಳಿಸಿ ಹೇಳಿ. ಭಾರ ಇದೆ."

"ಇಳಿಸಲ್ಲ. ಕೈ ಖಾಲಿಯಾದ್ರೆ ಮುಖ ಮುಚ್ಕೊಂಡು ಓಡಿಹೋಗ್ತೀನಿ. ನಂಗೆ ಗೊತ್ತು ನಾನು ಎಂಥವಳು ಅಂತ."

ಅವರು ನಿಂತರು. ಮೇಜು ನಮ್ಮಿಬ್ಬರ ನಡುವೆ ಗಾಳಿಯಲ್ಲಿ ತೂಗಿತು. ಅವರ ತೋಳಿನ ನರ ಎದ್ದಿತ್ತು, ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು. ಒರೆಸಬೇಕೆನಿಸಿತು. ಎರಡು ಕೈಯೂ ಮೇಜಿನಲ್ಲಿ.

"ನಂಗೆ ನೀವು ಇಷ್ಟ," ಅಂದೆ. ಮೆಲ್ಲಗೆ ಹೇಳಲು ಹೋಗಿ ಜೋರಾಗಿ ಬಂತು. ಇಡೀ ರಸ್ತೆಗೆ ಕೇಳಿಸಿತು. ಕೇಳಿಸಲಿ. "ಕೆಲಸ ಇಲ್ಲದಿದ್ರೂ ಇಷ್ಟ. ಇಲ್ಲೇ ಇರಿ. ನಮ್ಮ ಜೊತೆ. ನನ್ನ ಜೊತೆ."

ಕಟ್ಟೆಯ ಮೇಲೆ ಇಕ್ಕಳದ ಸದ್ದು ನಿಂತಿತು.

"ಮೇಷ್ಟ್ರೇ," ಅಂದರು ದೊಡ್ಡಮ್ಮ, "ಏನಾದ್ರೂ ಅನ್ನಿ. ನಮಗೂ ಕೆಲಸ ಇದೆ."

ಅವರು ಬಾಯಿ ತೆರೆದರು, ಮುಚ್ಚಿದರು. ಅಷ್ಟು ಮಾತಿನ ಮನುಷ್ಯ! ಕಿವಿಯವರೆಗೆ ಕೆಂಪೇರಿ, ಕಡೆಗೆ, "ನಂಗೂ" ಅಂದರು. ಇನ್ನೊಮ್ಮೆ, ಸರಿಯಾಗಿ ನನ್ನ ಕಣ್ಣು ನೋಡಿ, "ನಂಗೂ ಇಷ್ಟ. ತುಂಬಾ. ಇರ್ತೀನಿ." ಆಮೇಲೆ, "ಈಗಲಾದ್ರೂ ಇಳಿಸೋಣ್ವಾ? ಕೈ ಬಿದ್ದು ಹೋಗ್ತಿದೆ."

"ಇಲ್ಲ," ಅಂದೆ. "ಗೋಡೆವರೆಗೂ ನಡೀರಿ."

ನಡೆದರು.